ಹೇಳದೆ ಕೂರಿಸಿದ ಮೆಟ್ಟಿಲು

ಮಾಸಾಶನ ಕಚೇರಿಯ ಸಾಫ್ಟ್‌ವೇರ್ ತಿದ್ದಿದರು. ತಿದ್ದಿದ್ದನ್ನು ಅದರ ಮುಂದೆ ಕೂತು ದುಡಿಯುವವರಿಗೆ ಹೇಳಲಿಲ್ಲ. ಬದುಕಿರುವ ಮುದುಕರು ಕಡತದಲ್ಲಿ ಸತ್ತರು. ಆ ತಪ್ಪನ್ನು ತಂದು ಒಬ್ಬ ಹೆಣ್ಣುಮಗಳ ಬೆರಳಿಗೆ ಕಟ್ಟಿದರು. ನಡೆದದ್ದು ಇಷ್ಟು.

ಆದರೆ ಇದ್ಯಾವುದನ್ನೂ ಹೇಳದೆ, ಬರೀ ಒಂದು ಪ್ರಶ್ನೆ ಹಿಡಿದುಕೊಂಡು, ಅಯ್ಯಾಳಪ್ಪ ಬೆಳಿಗ್ಗೆಯೇ ಹುಲಿಗೆಮ್ಮ ಟೀಚರ ಮುಂದೆ ಬಂದು ಕೂತ.

"ಟೀಚರ್, ತನ್ನ ಕೆಲಸ ಸರಿಯಾಗಿ ಮಾಡಿದವನ ಮ್ಯಾಲೆ ತಪ್ಪು ಬರ್ತೈತೇನ್ರಿ?"

"ಯಾರ ಕೆಲಸ?"

"ಯಾರದೋ ಒಬ್ಬಂದು."

"ಯಾರದೋ ಅಂದ್ರ ನಿಂದು. ಪೂರ್ತಿ ಹೇಳು. ಅರ್ಧ ಹೇಳೋರಿಗೆ ನನ್ನ ಮನ್ಯಾಗ ಅರ್ಧ ಕಪ್ ಚಾನೂ ಇಲ್ಲ."

ಹುಲಿಗೆಮ್ಮ ಯಾವ ಶಾಲೆಯ ಟೀಚರೂ ಅಲ್ಲ. ಬೀಡಿ ಕಟ್ಟುತ್ತ ಓದು ಕಲಿತವರು, ಬೀಡಿ ಕಟ್ಟುವವರ ಸಂಘ ಕಟ್ಟಿದವರು. ಈಗ ಹಿಟ್ಟಿನ ಗಿರಣಿಯ ಮೇಲಿನ ತಮ್ಮ ಒಂದು ಕೋಣೆಯ ಮನೆಯಲ್ಲಿ ಭಾನುವಾರ ಭಾನುವಾರ ಗುತ್ತಿಗೆ ನೌಕರರಿಗೆ ಕಾನೂನು ಓದಿಸುತ್ತಾರೆ. ಟೀಚರ್ ಎನ್ನುವುದು ಅವರು ಕೊಟ್ಟುಕೊಂಡ ಹೆಸರಲ್ಲ, ಓದಿಸಿಕೊಂಡವರು ಕೊಟ್ಟದ್ದು.

ಅಯ್ಯಾಳಪ್ಪ ಹೇಳತೊಡಗಿದ.

ಮಾಸಾಶನ ಕಚೇರಿಯಲ್ಲಿ ಅವನದು ಕಂಪ್ಯೂಟರ್ ನೋಡಿಕೊಳ್ಳುವ ಗುತ್ತಿಗೆ ಕೆಲಸ. ಕಂಪನಿಯಿಂದ ಯಾವ ಅಪ್‌ಡೇಟ್ ಬಂತು, ಅದನ್ನು ಯಾವ ಯಂತ್ರಕ್ಕೆ ಹಾಕಿಯಾಯಿತು, ಯಾವುದು ಇನ್ನೂ ಹಿಂದೆ ಉಳಿದಿದೆ, ಇದರ ಜಾಡು ಹಿಡಿದು ನಡೆಯುವುದೇ ಅವನ ದಿನಚರಿ. ಈ ಕೆಲಸದಲ್ಲಿ ಅವನ ಕಡೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಆ ಕಚೇರಿಯಲ್ಲಿ ಒಂದು ಯಂತ್ರವೂ ಹಳತಾಗಿ ಉಳಿದಿರಲಿಲ್ಲ.

ಹೋದ ತಿಂಗಳು ಒಂದು ಹಾಟ್‌ಫಿಕ್ಸ್ ಬಂತು. ಹಾಟ್‌ಫಿಕ್ಸ್ ಎಂದರೆ ಕಚೇರಿ ನಡೆಯುತ್ತಿರುವಾಗಲೇ ಹಚ್ಚುವ ತುರ್ತು ತೇಪೆ. ಕೆಲವರಿಗೆ ಒಂದೇ ತಿಂಗಳ ಮಾಸಾಶನ ಎರಡು ಸಲ ಹೋಗುತ್ತಿತ್ತು, ಅದನ್ನು ನಿಲ್ಲಿಸಲು ಕಳಿಸಿದ್ದು. ಅದರ ಜೊತೆಗೆ ಕಂಪನಿಯವರು ಇನ್ನೊಂದು ಸಣ್ಣ ಬದಲಾವಣೆಯನ್ನೂ ಸೇರಿಸಿದ್ದರು. ಮಾಸಾಶನ ಪಡೆಯುವವರು ವರ್ಷಕ್ಕೊಮ್ಮೆ ಕಚೇರಿಗೆ ಬಂದು, ತಾವು ಬದುಕಿದ್ದೇವೆ ಎಂದು ಮುಖ ತೋರಿಸಿ ಹೋಗಬೇಕು. ಅವರ ಹೆಸರು ತೆರೆದಾಗ ಪರದೆಯ ಮೇಲೆ ಎರಡು ಆಯ್ಕೆ ಬರುತ್ತವೆ. ಮೊದಲು 'ಇದ್ದಾರೆ' ಎಂಬುದು ಮೇಲಿತ್ತು, 'ತೀರಿಕೊಂಡಿದ್ದಾರೆ' ಎಂಬುದು ಕೆಳಗಿತ್ತು. ಹಾಟ್‌ಫಿಕ್ಸ್ ಆದ ಮೇಲೆ ಅವು ಅದಲುಬದಲಾದವು.

ಕಂಪನಿಯ ಟಿಪ್ಪಣಿಯ ಕೊನೆಯಲ್ಲಿ ಈ ವಿಷಯ ಇತ್ತು. ಅಯ್ಯಾಳಪ್ಪ ಓದಿದ. ಎಲ್ಲರೂ ಊಟಕ್ಕೆ ಎದ್ದಾಗ ಎಲ್ಲ ಕಂಪ್ಯೂಟರ್‌ಗಳಿಗೂ ಹಾಕಿದ. ಯಂತ್ರಗಳಿಗೆಲ್ಲ ತಿಳಿಸಿದ. ಮನುಷ್ಯರಿಗೆ ತಿಳಿಸಲಿಲ್ಲ.

"ಯಾಕ ಹೇಳಲಿಲ್ಲ?" ಎಂದರು ಟೀಚರ್.

"ಪರದೆ ಮ್ಯಾಲೆ ದೊಡ್ಡದಾಗಿ ಬರದೈತ್ರಿ. ಕಣ್ಣಿಲ್ಲೇನ್ರಿ ಅವರಿಗೆ?"

ಅವನು ಮುಂದುವರಿಸಿದ.

ಮೊದಲ ಕೌಂಟರಿನಲ್ಲಿ ಮಾಬೂಬಿ ಕೂರುತ್ತಾಳೆ. ಅವಳ ಗಂಡ ಇಲ್ಲ, ಮನೆ ಅವಳ ದುಡಿಮೆಯಲ್ಲೇ ನಡೆಯುತ್ತದೆ. ಕಚೇರಿಯಲ್ಲಿ ಅವಳಷ್ಟು ಬೇಗ ಕೀಲಿ ಒತ್ತುವವರು ಬೇರೆ ಇಲ್ಲ. ಅವಳು ಪರದೆ ನೋಡುವುದೇ ಕಡಿಮೆ. ನೋಡುವುದು ಎದುರಿಗೆ ನಿಂತವರ ಮುಖವನ್ನು. "ಏನ್ ಯಜ್ಜಾ, ಈ ವರ್ಷನೂ ಇದ್ದೀಯಲ್ಲೋ?" ಎನ್ನುತ್ತಾಳೆ. "ಇದ್ದೀನವ್ವಾ, ನಿನ್ನ ಕಾಡಾಕ," ಎಂದು ಮುದುಕ ನಗುವಷ್ಟರಲ್ಲಿ ಅವಳ ಬೆರಳು ಮೇಲಿನ ಆಯ್ಕೆಯನ್ನು ಒತ್ತಿ ಮುಗಿಸಿರುತ್ತದೆ. ಮುದುಕರಿಗೆ ಅವಳ ಕೌಂಟರೇ ಬೇಕು. ಬೇರೆ ಕಡೆ ಯಾರೂ ಅವರನ್ನು ಮಾತಾಡಿಸುವುದಿಲ್ಲ.

ಬೇರೆ ಕೌಂಟರಿನವರು ಪ್ರತಿ ಸಲವೂ ಪರದೆ ಓದಿ ಒತ್ತುವವರು, ಮೇಲಿನದು ಕೆಳಗಾದದ್ದು ಅವರ ಗಮನಕ್ಕೇ ಬರಲಿಲ್ಲ. ಹಾಟ್‌ಫಿಕ್ಸ್ ಆದ ದಿನವೂ ಮಾಬೂಬಿ ಹಾಗೆಯೇ ಮಾತಾಡಿಸಿದಳು. ಅವರು ಹಾಗೆಯೇ ನಕ್ಕರು. ನಗುತ್ತಿದ್ದವರೆಲ್ಲ ಸತ್ತರು ಎಂದು ಅವಳ ಬೆರಳು ಬರೆಯಿತು.

ಮಾಸಾಶನ ನಿಂತ ಮೇಲೆ ಮೊದಲು ಬಂದ ಮುದುಕ ಕೌಂಟರಿಗೆ ಎರಡೂ ಮೊಣಕೈ ಊರಿ ಹೇಳಿದ: "ಯವ್ವಾ ಮಾಬೂಬಿ, ನಾ ಸತ್ತೀನಂತಲ್ಲ. ಮಣ್ಣಿಗೆ ನನಗೂ ಒಂದ್ ಮಾತ್ ಹೇಳಿ ಕಳಿಸಬೇಕಿತ್ತವ್ವಾ, ಬಂದು ಹೋಗ್ತಿದ್ದೆ."

ಕಚೇರಿಯೆಲ್ಲ ನಕ್ಕಿತು. ಮಾಬೂಬಿಯೂ ನಕ್ಕಳು. ಅವನ ಹಿಂದೆ ಇನ್ನೊಬ್ಬ ಬಂದ. ಆಮೇಲೆ ಹೆಂಗಸರು ಬಂದರು. ಒಬ್ಬ ಮುದುಕಿ ದುಡ್ಡಿಲ್ಲದೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದಳು. ಅವಳನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ಕೂರಿಸಿದ್ದರು. ಆಗ ನಗು ನಿಂತಿತು.

ಸಾಹೇಬರು ಮಾಬೂಬಿಯನ್ನು ಕೌಂಟರಿನಿಂದ ಎಬ್ಬಿಸಿದರು. ಅಯ್ಯಾಳಪ್ಪನನ್ನು ಕರೆದು ಒಂದೇ ಮಾತು ಕೇಳಿದರು: "ಸಾಫ್ಟ್‌ವೇರ್ ಸರಿ ಐತಿಲ್ಲೋ?"

"ಸರಿ ಐತ್ರಿ," ಎಂದ ಅಯ್ಯಾಳಪ್ಪ.

ಸಾಹೇಬರಿಗೆ ಅಷ್ಟೇ ಬೇಕಿತ್ತು. ಅವನಿಗೂ ಅಷ್ಟೇ ಸಾಕಾಗಿತ್ತು, ಏಕೆಂದರೆ ಅವನ ಗುತ್ತಿಗೆಯನ್ನು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರೂ ಅದೇ ಸಾಹೇಬರು.

"ಮಾಬೂಬಿ ಏನಂತಾಳ?" ಎಂದು ಟೀಚರ್ ಕೇಳಿದರು.

"ತನ್ನ ಕೈಗೇ ಏನೋ ಆಗೈತಿ ಅಂತಾಳ್ರಿ. ದವಾಖಾನಿಗೆ ಹೋಗಿ ನರ ತೋರಿಸ್ಕೊಂಡು ಬಂದಾಳ. ಇವತ್ತು ಹನ್ನೊಂದಕ್ಕ ವಿಚಾರಣೆ. ತಪ್ಪು ನಂದೇ ಅಂತ ಒಪ್ಕೊಂಡು ಬರದು ಕೊಡ್ತೀನಿ ಅಂದಾಳ. ಕೊಟ್ರ ಕೆಲಸ ಹೋಗ್ತೈತಿ."

"ಆಯ್ಕೆ ಅದಲುಬದಲಾಗಿದ್ದು ಅವಳಿಗೆ ಗೊತ್ತಿಲ್ಲ?"

"ಇಲ್ರಿ. ಯಾರಿಗೂ ಗೊತ್ತಿಲ್ಲ. ಆದ್ರ ಟೀಚರ್, ನಾ ಹಾಕಿದ್ದು ಕಂಪನಿ ಕಳಿಸಿದ್ದನ್ನ. ಹಾಕಿದ್ದು ಸರಿಯಾಗೇ ಐತಿ. ಸುಳ್ಳೂ ಹೇಳಿಲ್ಲ. ನನ್ನ ಮ್ಯಾಲೆ ತಪ್ಪು ಹೆಂಗ ಬರ್ತೈತಿ?"

ಹುಲಿಗೆಮ್ಮ ಚಹದ ಲೋಟ ಅವನ ಕಡೆ ಸರಿಸಿದರು. ಬೈಗಳಿಗೆ ಅವರ ಬಾಯಲ್ಲಿ ಬರವಿರಲಿಲ್ಲ. ತಹಶೀಲ್ದಾರರನ್ನೂ ಬಿಟ್ಟವರಲ್ಲ. ಆದರೆ ಕತೆಗೆ ಕೂತರೆ ಅವರ ಮಾತೇ ಬೇರೆಯಾಗುತ್ತಿತ್ತು. ಒಂದು ಪದ ಹೆಚ್ಚಿಲ್ಲ, ದನಿ ಏರುವುದಿಲ್ಲ.

"ಒಂದು ಊರು," ಎಂದರು. "ಆ ಊರಿಗೆ ಒಂದೇ ಮೆಟ್ಟಿಲು ಬಾವಿ. ಬಾವಿಯನ್ನು ನೋಡಿಕೊಳ್ಳಲು ಊರವರು ಒಬ್ಬ ಕಲ್ಲುಕುಟಿಗನನ್ನು ಇಟ್ಟಿದ್ದರು. ಒಳ್ಳೆಯ ಕೆಲಸಗಾರ.

"ಬಾವಿಯ ಮೆಟ್ಟಿಲುಗಳಲ್ಲಿ ಒಂದು ಕುಸಿದಿತ್ತು. ಯಾವಾಗ ಕುಸಿಯಿತೋ ಯಾರಿಗೂ ನೆನಪಿಲ್ಲ. ಉಳಿದವುಗಳಿಗಿಂತ ಅದು ಒಂದು ಹಿಡಿ ತಗ್ಗು. ದಿನವೂ ಹತ್ತಿ ಇಳಿಯುವವರ ಕಾಲು ಅದನ್ನು ಕಲಿತುಬಿಟ್ಟಿತ್ತು. ಅಲ್ಲೊಂದು ತಗ್ಗು ಕಲ್ಲಿದೆ ಎಂಬುದು ಊರಿನ ಕಾಲಿಗೆ ಗೊತ್ತಿತ್ತು, ಊರಿನ ತಲೆಗೆ ಗೊತ್ತಿರಲಿಲ್ಲ.

"ಒಂದು ದಿನ ಕಲ್ಲುಕುಟಿಗ ಆ ಕಲ್ಲನ್ನು ಕಿತ್ತು ಹೊಸದನ್ನು ಕೂರಿಸಿದ. ಮಧ್ಯಾಹ್ನ ಬಾವಿಯಲ್ಲಿ ಯಾರೂ ಇರಲಿಲ್ಲ, ಕೆಲಸಕ್ಕೆ ಅನುಕೂಲವಾಯಿತು. ಹಳೆಯ ಕಲ್ಲುಗಳ ಬಣ್ಣಕ್ಕೆ ಹೊಂದುವ ಕಲ್ಲನ್ನೇ ಹುಡುಕಿ ತಂದಿದ್ದ. ಮಾಡಿದ ದುರಸ್ತಿ ಕಣ್ಣಿಗೆ ಕಾಣಬಾರದು ಎಂಬುದು ಅವನ ಹೆಮ್ಮೆ. ಕಾಣಲಿಲ್ಲ. ಉಳಿ ಸುತ್ತಿಗೆ ಎತ್ತಿಕೊಂಡು ಮನೆಗೆ ಹೋದ.

"ಆಮೇಲೆ ಒಬ್ಬ ದಾರಿಹೋಕ ಬಂದ. ಬಾವಿ ಅವನಿಗೆ ಹೊಸದು. ಪ್ರತಿ ಮೆಟ್ಟಿಲನ್ನೂ ನೋಡಿಕೊಂಡು ಇಳಿದ, ನೀರು ಕುಡಿದ, ನೋಡಿಕೊಂಡು ಹತ್ತಿದ, ಹೋದ. ಅವನಿಗೆ ಏನೂ ಆಗಲಿಲ್ಲ.

"ಸಂಜೆ ಒಬ್ಬ ನೀರು ಹೊರುವವಳು ಬಂದಳು. ಊರಿನ ಮನೆಗಳಿಗೆ ನೀರು ಹೊತ್ತೇ ಅವಳು ಮಕ್ಕಳನ್ನು ಸಾಕಿದ್ದಳು. ಖಾಲಿ ಕೊಡ ಹಿಡಿದು ಇಳಿದಳು, ತುಂಬಿಕೊಂಡು ಹತ್ತತೊಡಗಿದಳು. ತಲೆಯ ಮೇಲೆ ತುಂಬಿದ ಕೊಡ, ಸೊಂಟದಲ್ಲಿ ಇನ್ನೊಂದು. ಕತ್ತು ಬಗ್ಗಿಸುವಂತಿಲ್ಲ, ಕೆಳಗೆ ನೋಡುವಂತಿಲ್ಲ. ಅವಳ ಕಾಲು ದಿನವೂ ಎಷ್ಟು ಏಳುತ್ತಿತ್ತೋ ಅಷ್ಟೇ ಎದ್ದಿತು. ಹೊಸ ಕಲ್ಲಿನ ಅಂಚಿಗೆ ಬೆರಳು ತಗುಲಿತು. ಅವಳು ಬಿದ್ದಳು. ಕೊಡ ಒಡೆದವು. ತೋಳು ಮುರಿಯಿತು."

ಅಯ್ಯಾಳಪ್ಪನ ಕೈಯಲ್ಲಿದ್ದ ಚಹ ಹಾಗೆಯೇ ಇತ್ತು.

"ಪಂಚಾಯಿತಿ ಸೇರಿತು," ಎಂದು ಟೀಚರ್ ಮುಂದುವರಿಸಿದರು. "ಹಿರಿಯರು ಬಾವಿಗೆ ಹೋಗಿ ನೋಡಿದರು. ಮೆಟ್ಟಿಲುಗಳೆಲ್ಲ ಒಂದೇ ಸಮ. ಒಬ್ಬ ಹಿರಿಯ ಕಲ್ಲಿನ ಮೇಲೆ ಚೆಂಬು ನೀರು ಸುರಿದ. ನೀರು ಯಾವ ಕಡೆಗೂ ಹರಿಯದೆ ನಿಂತಿತು. ಹಿರಿಯ ಕಲ್ಲುಕುಟಿಗನನ್ನು ಕೇಳಿದ, 'ಮೆಟ್ಟಿಲು ಸರಿಯಾಗಿದೆಯೇನಪ್ಪ?' ಕಲ್ಲುಕುಟಿಗ ಹೇಳಿದ, 'ಸರಿಯಾಗಿದೆ.'

"ಹಿರಿಯ ಹೆಂಗಸಿನ ಕಡೆ ತಿರುಗಿದ. 'ಬಾವಿ ಸರಿಯಿದೆ. ದಾರಿಹೋಕರು ಹತ್ತಿ ಇಳಿಯುತ್ತಾರೆ. ಹುಟ್ಟಿದಾಗಿನಿಂದ ಈ ಬಾವಿಯಲ್ಲೇ ಓಡಾಡಿದ ನೀನು ಬಿದ್ದೆ. ಇದಕ್ಕೆ ಏನು ಹೇಳುತ್ತೀ?'

"ಅವಳು ಬಹಳ ಹೊತ್ತು ಯೋಚಿಸಿದಳು. 'ನಾನು ದಿನಾ ಹತ್ತುವ ಹಾಗೆಯೇ ಹತ್ತಿದೆ. ನನ್ನ ಕಾಲೇ ಕೆಟ್ಟಿರಬೇಕು,' ಎಂದಳು."

ಅಯ್ಯಾಳಪ್ಪ ಲೋಟ ಕೆಳಗಿಟ್ಟ.

"ಕಲ್ಲುಕುಟಿಗಂದೇನು ತಪ್ಪಾತ್ರಿ?" ಎಂದ. ದನಿ ಮೊದಲಿಗಿಂತ ಸಣ್ಣದಾಗಿತ್ತು. "ತಗ್ಗು ಕಲ್ಲು ಹಂಗೇ ಬಿಡಬೇಕಿತ್ತೇನ್ರಿ? ಅವ ಕೂರಿಸಿದ ಕಲ್ಲು ಸರಿಯಾಗೇ ಇತ್ತಲ್ರಿ."

"ಕಲ್ಲು ಸರಿಯಾಗಿಯೇ ಇತ್ತು," ಎಂದರು ಟೀಚರ್. "ಕೂರಿಸಲೇಬೇಕಿತ್ತು. ಕೂರಿಸಿ ಅಲ್ಲೇ ಮೇಲಿನ ಕಟ್ಟೆಯ ಮೇಲೆ ಸಂಜೆಯ ತನಕ ಕೂತಿದ್ದು, ಬಂದವರಿಗೆಲ್ಲ 'ಇಲ್ಲಿ ಕಾಲು ಎತ್ತಿ ಇಡಿ' ಎಂದಿದ್ದರೆ ಅವನ ಕೆಲಸ ಮುಗಿಯುತ್ತಿತ್ತು. ಅವನು ಕಲ್ಲು ಕೂತ ಕೂಡಲೇ ಮುಗಿಯಿತು ಅಂದುಕೊಂಡ. ಬಾವಿ ಇರುವುದು ಕಲ್ಲಿಗಾಗಿ ಎಂದು ತಿಳಿದವರು ಹಾಗೆ ಅಂದುಕೊಳ್ಳುತ್ತಾರೆ.

"ಈಗ ಕತೆ ಕೇಳು. ಅವಳು ಇನ್ನು ಮೇಲೆ ಊರಿಗೆ ನೀರು ಹೊರಕೂಡದು ಎಂದು ಹಿರಿಯರು ಮಾತಾಡಿಕೊಂಡರು. ಕಾಲಿನ ಮೇಲೆ ನಂಬಿಕೆ ಹೋದವಳು ವಾದ ಮಾಡಲಿಲ್ಲ. ಕಟ್ಟಿದ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ತನ್ನ ಪಾದವನ್ನೇ ನೋಡುತ್ತ ಕೂತಿದ್ದಳು. ಅವಳು ಬಿದ್ದದ್ದು ಏಕೆಂದು ಬಲ್ಲವನು ಆ ಊರಿನಲ್ಲಿ ಒಬ್ಬನೇ. ಅವನು ಜನರ ನಡುವೆ ಕೂತಿದ್ದ. ಹಿರಿಯ ಎದ್ದು ನಿಂತು, 'ಹಾಗಾದರೆ ಇದೇ ತೀರ್ಮಾನ. ಯಾರದಾದರೂ ಮಾತಿದ್ದರೆ ಈಗ ಆಡಲಿ,' ಎಂದ."

ಟೀಚರ್ ಅಲ್ಲಿಗೆ ನಿಲ್ಲಿಸಿದರು.

ಕೆಳಗೆ ಗಿರಣಿ ಶುರುವಾಯಿತು. ಅಯ್ಯಾಳಪ್ಪ ಕಾದ. ಅವರು ಮುಂದೆ ಹೇಳುವ ಲಕ್ಷಣ ಕಾಣಲಿಲ್ಲ. ಅವನಿಗೆ ಮಾಬೂಬಿ ನೆನಪಾದಳು. ನಿನ್ನೆ ಅವಳು ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತು, ಎರಡೂ ಕೈಯನ್ನು ಮಡಿಲಲ್ಲಿ ಅಂಗೈ ಮೇಲಾಗಿ ಇಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡುತ್ತಿದ್ದಳು. ಅವನು ಹಾದು ಹೋಗುವಾಗ ತಲೆಯೆತ್ತಿ, "ಅಯ್ಯಾಳಣ್ಣ, ನಿನ್ನ ಮಿಷಿನ್ ಮ್ಯಾಲೆ ನಾ ಕೆಟ್ಟ ಹೆಸರು ತಂದೆ, ಬ್ಯಾಸರ ಮಾಡ್ಕೋಬ್ಯಾಡಪಾ," ಎಂದಿದ್ದಳು. ಅವನು "ಇರ್ಲಿ ಬಿಡು" ಎಂದು ದಾಟಿ ಹೋಗಿದ್ದ. ಆ ಮಾತನ್ನು ಟೀಚರಿಗೆ ಅವನು ಹೇಳಿರಲಿಲ್ಲ.

"ಟೀಚರ್," ಎಂದ ಕಡೆಗೆ, "ಕಲ್ಲುಕುಟಿಗ ಏನಂದ?"

"ಅವ ಇನ್ನೂ ಬಾಯಿ ಬಿಟ್ಟಿಲ್ಲ, ಹನ್ನೊಂದಕ್ಕ ವಿಚಾರಣೆ ಐತಿ, ಅವಳು ಬರದು ಕೊಡೋಕಿಂತ ಮೊದಲ ಹೋಗಿ ಎಲ್ಲರ ಮುಂದ ನಿಂತು ಹೇಳು."