ತೊಳೆದು ಬಂದ ಪಾದಗಳು

ಹೊಳೆ ದಂಡೆಯ ಆ ಸಣ್ಣ ಆಶ್ರಮದಲ್ಲಿ ವರ್ಷಕ್ಕೊಮ್ಮೆ, ಪವಿತ್ರ ಗುರುವಾರದ ಸಂಜೆ, ಗುರುಗಳು ಊರಿನ ಹನ್ನೆರಡು ಮಂದಿಯ ಪಾದ ತೊಳೆಯುತ್ತಿದ್ದರು. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸುಸ್ವಾಮಿ ತನ್ನ ಹನ್ನೆರಡು ಮಂದಿ ಶಿಷ್ಯರ ಪಾದ ತೊಳೆದು ಮಾಡಿದ ಸೇವೆಯ ನೆನಪು ಅದು.

ಆ ವರ್ಷ ಏರ್ಪಾಟೆಲ್ಲ ಶಿಷ್ಯ ಚೌರಪ್ಪನ ಪಾಲಿಗೆ ಬಂತು. ಚೌರಪ್ಪನಿಗೆ ಅಚ್ಚುಕಟ್ಟು ಎಂದರೆ ಪ್ರಾಣ. ಗಂಟೆಯ ಹಗ್ಗವನ್ನೂ ಸೋಪು ಹಾಕಿ ಒಗೆಯುವ ಆಸಾಮಿ. ತನ್ನಲ್ಲಿ ದೇವರು ಮೆಚ್ಚುವ ಗುಣ ಒಂದಿದ್ದರೆ ಅದು ಇದೇ ಎಂದು ಅವನಿಗೆ ಗಟ್ಟಿ ನಂಬಿಕೆ.

ಹನ್ನೊಂದು ಮಂದಿಯನ್ನು ಅವನೇ ಆರಿಸಿದ. ಹನ್ನೆರಡನೆಯವನನ್ನು ಮಾತ್ರ ಗುರುಗಳು ಹೇಳಿದರು: ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿಯುವ ಇನ್ನಾಸಪ್ಪ.

ಇನ್ನಾಸಪ್ಪ ಸಿಟ್ಟಿನಲ್ಲಿ ಒಡಹುಟ್ಟಿದ ಅಣ್ಣನ ಮೇಲೆ ಕೈ ಮಾಡಿದ್ದ. ಅಂದಿನಿಂದ ಯಾರಿಗೂ ಮುಖ ತೋರಿಸಲಾರದೆ, ಪ್ರಾರ್ಥನೆಗೂ ಬರುವುದನ್ನು ಬಿಟ್ಟಿದ್ದ. ಗುರುಗಳು ತಾವೇ ಗೂಡಿನ ತನಕ ನಡೆದುಹೋಗಿ ಅವನನ್ನು ಕರೆದು ಬಂದಿದ್ದರು.

"ಈ ಸಲ ಬಂದ್ರೆ ಉಳ್ಕೋತಾನೆ. ಈಗ ತಪ್ಪಿಹೋದ್ರೆ ಅವನು ಇನ್ನು ಬರೋನಲ್ಲ," ಎಂದು ಚೌರಪ್ಪನಿಗೆ ಒತ್ತಿ ಹೇಳಿದ್ದರು.

ಚೌರಪ್ಪ ತಲೆಯಾಡಿಸಿದ್ದ. ಆಮೇಲೆ ಮನೆಮನೆಗೆ ಹೋಗಿ, ಎಲ್ಲರೂ ಪಾದ ಚೆನ್ನಾಗಿ ಉಜ್ಜಿ ತೊಳೆದುಕೊಂಡೇ ಬರಬೇಕು ಎಂದು ತಾಕೀತು ಮಾಡಿ ಬಂದ. ಹನ್ನೊಂದು ಮಂದಿಯೂ ಹಾಗೇ ಬಂದರು. ಕೆಲವರಂತೂ ಕೊಬ್ಬರಿ ಎಣ್ಣೆಯನ್ನೂ ಸವರಿದ್ದರು. ಬಾಗಿಲಲ್ಲಿ ನಿಂತು ಒಂದೊಂದೇ ಪಾದ ನೋಡಿ ಒಳಗೆ ಬಿಟ್ಟ ಚೌರಪ್ಪನಿಗೆ ಖುಷಿಯೋ ಖುಷಿ.

ಕೊನೆಗೆ ಇನ್ನಾಸಪ್ಪ ಬಂದ. ಹೊತ್ತಾಯಿತೆಂದು ಕೆಲಸದಿಂದ ನೇರ ಓಡಿ ಬಂದಿದ್ದ. ಮೊಣಕಾಲಿನವರೆಗೂ ಕೆಂಪು ಕೆಸರು.

ಚೌರಪ್ಪ ಗದರಲಿಲ್ಲ. ಮೆಲ್ಲಗೇ ಹೇಳಿದ: "ಅಣ್ಣಾ, ಗುರುಗಳು ಮುಟ್ಟೋ ಪಾದ. ಹೊಳೇಲಿ ತೊಳ್ಕೊಂಡು ಬಂದ್ಬಿಡಿ."

ಇನ್ನಾಸಪ್ಪ ಒಳಗೆ ಸಾಲಾಗಿ ಕೂತವರ ಪಾದಗಳನ್ನೊಮ್ಮೆ ನೋಡಿದ. ಆಯ್ತು ಎಂದು ಹೊಳೆಯ ಕಡೆ ಹೊರಟ.

ಗಂಟೆ ಮೊಳಗಿತು. ಇನ್ನಾಸಪ್ಪ ಬರಲಿಲ್ಲ. ಬೆಂಚಿನ ತುದಿ ಖಾಲಿ ಇದ್ದರೆ ನೋಡುವುದಕ್ಕೆ ಚೆನ್ನಾಗಿರುವುದಿಲ್ಲವೆಂದು ಚೌರಪ್ಪ ತಾನೇ ಹೋಗಿ ಅಲ್ಲಿ ಕೂತ.

ಗುರುಗಳು ಮಂಡಿಯೂರಿ, ಒಬ್ಬೊಬ್ಬರ ಪಾದ ತೊಳೆದು, ಒರೆಸಿ, ಮುತ್ತಿಟ್ಟು ಮುಂದೆ ಬಂದರು. ಹನ್ನೆರಡನೆಯ ಜಾಗದಲ್ಲಿ ತಲೆಯೆತ್ತಿದರು.

"ಇನ್ನಾಸಪ್ಪ ಎಲ್ಲಿ?"

ಪಾದದ ತುಂಬ ಕೆಸರಿತ್ತು, ತೊಳೆದುಕೊಂಡು ಬರಲು ತಾನೇ ಕಳಿಸಿದೆ ಎಂದ ಚೌರಪ್ಪ.

ಗುರುಗಳು ಬೋಗುಣಿಯನ್ನು ಅವನ ಮುಂದೆ ಹಿಡಿದರು. ಹನ್ನೊಂದು ಮಂದಿಯ ಪಾದ ತೊಳೆದ ನೀರು ತಿಳಿಯಾಗಿಯೇ ಇತ್ತು.

"ನಾನು ಇಲ್ಲಿವರೆಗೂ ಏನು ತೊಳೆದೆ, ಚೌರಪ್ಪ?"

ಗುರುಗಳು ಬೋಗುಣಿಯನ್ನು ಅವನ ಕೈಗಿಟ್ಟು, ತಮ್ಮ ಹೆಗಲ ಟವೆಲನ್ನು ಅವನ ಹೆಗಲಿಗೆ ಹಾಕಿದರು.

"ಪೂಜೆ ಅರ್ಧದಲ್ಲಿದೆಯಲ್ಲ, ಗುರುಗಳೇ?"

"ಹೂಂ. ಉಳಿದರ್ಧ ಹೊಳೆ ಹತ್ರ ಇದೆ. ಹೋಗು."

ಇನ್ನಾಸಪ್ಪ ನೀರಿನಂಚಿನಲ್ಲಿ ಕಲ್ಲಿನ ಮೇಲೆ ಕೂತು ಹಿಮ್ಮಡಿಯನ್ನು ಕಲ್ಲುಚೂರಿನಿಂದ ಉಜ್ಜುತ್ತಿದ್ದ. ಒಡಕುಗಳಿಂದ ರಕ್ತ ಜಿನುಗುತ್ತಿತ್ತು. ಚೌರಪ್ಪನನ್ನು ಕಂಡು ಎದ್ದು ನಿಂತ.

"ಬಿರುಕಿನೊಳಗಿಂದು ಹೋಗ್ತಾ ಇಲ್ಲ ಸ್ವಾಮಿ. ಎಷ್ಟು ವರ್ಷದ ಮಣ್ಣೋ. ನೀವು ನಡೆಸ್ಕೊಳ್ಳಿ, ನಾನು ಮನೆಗೋಗ್ತೀನಿ."

ಚೌರಪ್ಪನಿಗೆ ನಾಚಿಕೆಯಾಯಿತು. ಜೀವಮಾನದಲ್ಲಿ ಅಷ್ಟು ನಾಚಿಕೆ ಅವನಿಗೆ ಎಂದೂ ಆಗಿರಲಿಲ್ಲ. ಬಿಳಿ ನಿಲುವಂಗಿಯ ಯೋಚನೆಯನ್ನೂ ಮಾಡದೆ ದಂಡೆಯ ಕೆಸರಿಗಿಳಿದು ಮಂಡಿಯೂರಿದ.

"ತಪ್ಪು ನಂದು, ಅಣ್ಣಾ. ನೀವು ತೊಳ್ಕೊಂಡು ಬರಬೇಕಾಗಿರಲಿಲ್ಲ. ಕೂತ್ಕೊಳ್ಳಿ, ಪಾದ ಕೊಡಿ."

ಇನ್ನಾಸಪ್ಪ ಮತ್ತೆ ಕಲ್ಲಿನ ಮೇಲೆ ಕೂತ. ಪಾದ ಮುಂದೆ ಚಾಚಿದ. ಚೌರಪ್ಪ ಬಿರುಕು ಬಿರುಕನ್ನೂ ಬೆರಳಿನಿಂದ ಮೆತ್ತಗೆ ತೊಳೆದ. ಬೋಗುಣಿಯ ನೀರು ಕೆಂಪಗಾಯಿತು. ಮಣ್ಣು ಪೂರ್ತಿ ಹೋಗಲಿಲ್ಲ. ಇದ್ದ ಹಾಗೇ ಒರೆಸಿ ಮುತ್ತಿಟ್ಟ. ಇನ್ನಾಸಪ್ಪ ಮುಖ ಮುಚ್ಚಿಕೊಂಡು ಅತ್ತ.

ಇಬ್ಬರೂ ಆಶ್ರಮಕ್ಕೆ ಬಂದಾಗ ಯಾರೂ ಕದಲಿರಲಿಲ್ಲ. ಪೂಜೆಗೆ ಬಂದಿದ್ದ ಜನರ ನಡುವಿನಿಂದ ಇನ್ನಾಸಪ್ಪನ ಅಣ್ಣ ಎದ್ದು ಬಂದು, ತಮ್ಮನ ಕೈ ಹಿಡಿದು ಬೆಂಚಿನ ತುದಿಯಲ್ಲಿ ಕೂರಿಸಿದ.

ಚೌರಪ್ಪ ಮಾತ್ರ ಹೊಸ್ತಿಲಾಚೆಯೇ ನಿಂತ. ಅವನಿಗೂ ಈಗ ಮೊಣಕಾಲಿನವರೆಗೆ ಕೆಸರು. ನಿಲುವಂಗಿಯ ಅಂಚಿನಿಂದ ಕೊಚ್ಚೆ ತೊಟ್ಟಿಕ್ಕುತ್ತಿತ್ತು. ಕಾಲು ತೊಳೆದುಕೊಂಡು ಬರುತ್ತೇನೆ ಎಂದು ಗುರುಗಳ ಅಪ್ಪಣೆ ಕೇಳಿದ.

ಗುರುಗಳು ಬೋಗುಣಿ ಇಸಿದುಕೊಂಡು ಅವನ ಮುಂದೆ ಮಂಡಿಯೂರಿದರು.

"ಈಗ ತಾನೆ ನಿನ್ನ ಪಾದವೂ ತೊಳೆಯೋ ಹಾಗಾಗಿದೆ, ಮಗಾ. ಇತ್ತ ಕೊಡು."