ಒದ್ದೆ ಮಡಿಯ ಸೌಟು

ಮರದ ಸೌಟಿಗೆ ತನ್ನ ಮಡಿಯ ಮೇಲೆ ಬಲು ಜಂಬ. ದಿನಕ್ಕೆ ಮೂರು ಸಲ ಮೀಯುತ್ತಿತ್ತು, ಒಮ್ಮೆಯೂ ಮೈ ಒರೆಸಿಕೊಳ್ಳುತ್ತಿರಲಿಲ್ಲ. ಒಂದು ಬೆಳಿಗ್ಗೆ ನೀರು ತೊಟ್ಟಿಕ್ಕುತ್ತಿದ್ದಂತೆಯೇ ಉಪ್ಪಿನಕಾಯಿ ಜಾಡಿಯ ಮುಂದೆ ನಿಂತು, "ಬಾಯಿ ತೆರೆಯಿರಿ, ಒದ್ದೆ ಮಡಿಯಲ್ಲಿ ಬಂದಿದ್ದೇನೆ," ಎಂದಿತು.

"ಬಿಸಿಲಿಗೆ ಹೋಗಿ ಒಣಗಿ ಬನ್ನಿ," ಎಂದಿತು ಜಾಡಿ. "ಮಿಂದು ಬಂದವರನ್ನು ಕಂಡರೇ ನನಗೆ ಭಯ."

"ಬಿಸಿಲಲ್ಲಿ ಕಾಗೆ ಮುಟ್ಟಿದರೆ ನನ್ನ ಮಡಿಯ ಗತಿಯೇನು?" ಎನ್ನುತ್ತ ಸೌಟು ಮುಚ್ಚಳ ಸರಿಸಿ ಒಳಗಿಳಿದು, ಮಾವಿನಹೋಳುಗಳ ನಡುವೆ ಧ್ಯಾನಕ್ಕೆ ಕೂತಿತು.

ಎಂಟನೆಯ ದಿನ ವರ್ಷದ ಉಪ್ಪಿನಕಾಯಿಗೆಲ್ಲ ಬೂಷ್ಟು ಹಿಡಿದಿತ್ತು. ಮನೆಯೊಡತಿ ಗೋದಾವರಮ್ಮ ಮೂಗು ಮುಚ್ಚಿಕೊಂಡು, ಸೌಟಿನ ಸಮೇತ ಎಲ್ಲವನ್ನೂ ತಿಪ್ಪೆಗೆ ಸುರಿದರು.

ಬೂಷ್ಟಿನ ಬಿಳಿ ಗಡ್ಡ ಹೊತ್ತ ಸೌಟು, ಬಿದ್ದಲ್ಲಿಂದಲೇ ಪಕ್ಕದ ಬಾಳೆಸಿಪ್ಪೆಗೆ ಹೇಳಿತು: "ಸ್ವಲ್ಪ ದೂರ ಸರಿಯಮ್ಮ, ಮೈಲಿಗೆಯಾದೀತು."