ದಾಕ್ಷಾಯಿಣಮ್ಮನ ಕಂಪ್ಯೂಟರ್ ಹಿಂದಕ್ಕೆ ಹೋದದ್ದು

ಹೊಳೆದಂಡೆಯಲ್ಲೊಂದು ಆಶ್ರಮ. ಅಲ್ಲಿಗೆ ಧ್ಯಾನಕ್ಕೆ ಬರುವವರಿಗಿಂತ ಕೆಟ್ಟುಹೋದ ಕಂಪ್ಯೂಟರ್ ಹೊತ್ತು ತರುವವರೇ ಜಾಸ್ತಿ. ನಗಬೇಡಿ. ಮರುಳಯ್ಯ ಗುರುಗಳು ಮನೆ ಮಠ ಎಲ್ಲ ಬಿಟ್ಟು ಬರುವಾಗ ಬಿಡಲಾಗದೆ ತಂದದ್ದು ಆ ರಿಪೇರಿ ವಿದ್ಯೆಯೊಂದನ್ನೇ.

ಅವರ ಶಿಷ್ಯ ಪಂಚಾಕ್ಷರಿ. ಕೈ ಚುರುಕು. ಬಾಯಿ ಕೈಗಿಂತ ಚುರುಕು. ಕಿವಿ ಮಾತ್ರ ಸ್ವಲ್ಪ ನಿಧಾನ.

ಒಂದು ಬೆಳಿಗ್ಗೆ ಗುರುಗಳು ಹೊಳೆಗೆ ಹೊರಟಿದ್ದರು. ಆಟೋದವನ ಕೈಲಿ ಕಂಪ್ಯೂಟರ್ ಹೊರಿಸಿಕೊಂಡು ದಾಕ್ಷಾಯಿಣಮ್ಮ ಬಂದರು. ವಯಸ್ಸಾದವರು, ಕಣ್ಣು ಮಂಜು. ಮೆಟ್ಟಿಲನ್ನು ಕಾಲಲ್ಲೇ ತಡವಿ ತಡವಿ ಇಳಿದರು.

"ಆನ್ ಮಾಡಿದ್ರೆ ಅರ್ಧಕ್ಕೇ ನಿಂತುಬಿಡುತ್ತೆ ಸ್ವಾಮಿ. ನಮ್ಮ ಯಜಮಾನರು ಹೋಗೋಕೆ ಮುಂಚೆ ಇದನ್ನ ನನಗೋಸ್ಕರ ಸಿದ್ಧ ಮಾಡಿಟ್ಟಿದ್ದರು. ಅದೊಂದು ಹೋಗಬಾರದು."

"ಪಂಚಾಕ್ಷರಿ, ಅಮ್ಮ ಹೇಳೋದನ್ನ ಪೂರ್ತಿ ಕೇಳು. ಸ್ನಾನ ಮುಗಿಸಿ ಬರ್ತೀನಿ," ಎಂದು ಗುರುಗಳು ಹೊಳೆಗಿಳಿದರು.

"ಫೋಟೋ, ಹಾಡು, ಬರೆದಿಟ್ಟಿದ್ದು, ಒಂದೂ ಹೋಗಲ್ಲ ಬಿಡಿ ಅಮ್ಮ. ನನ್ನ ಜವಾಬ್ದಾರಿ," ಎಂದ ಪಂಚಾಕ್ಷರಿ.

"ಫೋಟೋ ಅಲ್ಲಪ್ಪ, ಅದು..."

ಅಷ್ಟರಲ್ಲಿ ಅವನು ಪ್ಲಗ್ಗು ಸಿಕ್ಕಿಸಿ ಆಗಿತ್ತು. ದಾಕ್ಷಾಯಿಣಮ್ಮ ಮಾತು ನುಂಗಿಕೊಂಡು ಮರದ ಕೆಳಗೆ ಹೋಗಿ ಕೂತರು.

ಕಂಪ್ಯೂಟರಿಗೆ ಒಂದು ಅನುಕೂಲವಿದೆ. ಕೆಟ್ಟುಹೋದರೆ, ಚೆನ್ನಾಗಿದ್ದ ಯಾವುದೋ ಹಿಂದಿನ ದಿನಕ್ಕೆ ಅದನ್ನು ಮರಳಿಸಬಹುದು. ಸಿಸ್ಟಮ್ ರಿಸ್ಟೋರ್ ಅನ್ನುತ್ತಾರೆ. ಫೋಟೋ, ಬರಹ ಹಾಗೇ ಇರುತ್ತವೆ, ಆ ದಿನದ ಆಮೇಲೆ ಮಾಡಿಕೊಂಡ ಹೊಂದಿಕೆಗಳು ಮಾತ್ರ ಹೋಗುತ್ತವೆ. ನಮಗೆ ನಿಮಗೆ ಆ ಭಾಗ್ಯ ಇಲ್ಲ, ಬಿಡಿ.

ಪಂಚಾಕ್ಷರಿ ಕಳೆದ ವಾರದ ದಿನ ಆರಿಸಿದ. ಆಗಲಿಲ್ಲ. ವೈರಸ್ ತಡೆಯುವ ಪ್ರೋಗ್ರಾಮ್ ಅಡ್ಡ ಬರುತ್ತಿದೆಯೆಂದು ಅದನ್ನು ನಿಲ್ಲಿಸಿ ನೋಡಿದ. ಊಹೂಂ. ಅದಕ್ಕಿಂತ ಹಿಂದಿನ ದಿನ ಆರಿಸಿದ. ಅದೂ ಕೈಕೊಟ್ಟಿತು.

ಅವನಿಗೆ ರೋಷ ಬಂತು. "ನೀನಾ, ನಾನಾ, ನೋಡೇಬಿಡೋಣ," ಎಂದು, ಅತ್ಯಗತ್ಯವಾದಷ್ಟನ್ನೇ ಎಬ್ಬಿಸುವ ಸೇಫ್ ಮೋಡಿನಲ್ಲಿ ಶುರು ಮಾಡಿ, ಇದ್ದುದರಲ್ಲೇ ಎಲ್ಲಕ್ಕಿಂತ ಹಳೆಯ ದಿನವನ್ನು ಒತ್ತಿದ. ಪರದೆಯ ಮೇಲೆ ಏನೋ ಎಚ್ಚರಿಕೆ ಬಂತು. ಕಣ್ಣು ಹಾಯಿಸಿದ್ದಷ್ಟೇ, ನಿಂತು ಓದುವ ವ್ಯವಧಾನ ಯಾರಿಗಿದೆ? ಹೌದು ಎಂದು ಒತ್ತಿಯೇಬಿಟ್ಟ.

ಈ ಸಲ ಆಯಿತು. ಕಂಪ್ಯೂಟರ್ ಕುದುರೆ ಹಾಗೆ ಎದ್ದು ನಿಂತಿತು.

ಗುರುಗಳು ಒದ್ದೆ ಪಂಚೆ ಹಿಂಡುತ್ತಾ ಬಂದರು.

"ಗೆದ್ದೆ ಗುರುಗಳೇ!"

"ಯಾವ ದಿನಕ್ಕೆ ಹೋಯ್ತು?"

"ಯುಗಾದಿಗೂ ಮುಂಚೆ."

"ಅವರ ಯಜಮಾನರು ಸಿದ್ಧ ಮಾಡಿಟ್ಟಿದ್ದರಂತಲ್ಲ, ಏನದು? ಯಾವಾಗ ಮಾಡಿದ್ದು?"

ಪಂಚಾಕ್ಷರಿ ತಲೆ ಕೆರೆದುಕೊಂಡ. "ಕೇಳಲಿಲ್ಲ ಗುರುಗಳೇ."

"ಮತ್ತೆ ಈಚೆಗೆ ತರೋಕೆ ಬರುತ್ತಾ?"

ಆಗ ಅವನಿಗೆ ಆ ಎಚ್ಚರಿಕೆ ನೆನಪಾಯಿತು. ಸೇಫ್ ಮೋಡಿನಲ್ಲಿ ಹಿಂದಕ್ಕೆ ಕಳಿಸಿದ್ದನ್ನು ರದ್ದು ಮಾಡಲಾಗದು ಎಂದು ಅಲ್ಲಿ ಸ್ಪಷ್ಟವಾಗಿತ್ತು.

"ಬರಲ್ಲ," ಎಂದ.

ಗುರುಗಳು ಪಂಚೆಯನ್ನು ಹಾಗೇ ಕೈಯಲ್ಲಿ ಹಿಡಿದು ಕಲ್ಲಿನ ಮೇಲೆ ಕೂತುಬಿಟ್ಟರು. ಆಮೇಲೆ, "ಅಮ್ಮನ್ನ ಕರಿ," ಎಂದರು.

ದಾಕ್ಷಾಯಿಣಮ್ಮ ಬಂದು ಪರದೆಯ ಮುಂದೆ ಕೂತರು. ಮುಖ ಹತ್ತಿರ ತಂದರು. ಇನ್ನೂ ಹತ್ತಿರ ತಂದರು. ಮೂಗು ಗಾಜಿಗೆ ತಾಗಿತು.

"ಏನೂ ಕಾಣಲ್ವಲ್ಲಪ್ಪ."

"ಎಲ್ಲಾ ಇದೆ ಅಮ್ಮ. ನೋಡಿ, ಫೋಟೋ..."

"ಅಕ್ಷರ ದೊಡ್ಡದಿತ್ತು. ಹಿಂದೆ ಕಪ್ಪು, ಅಕ್ಷರ ಹಳದಿ." ಅವರು ಬೆರಳಿಂದ ಗಾಜು ಸವರಿದರು. "ಬಸವ ಜಯಂತಿ ಆದಮೇಲೆ ಅವರಿಗೆ ಎದ್ದು ಕೂರೋಕೂ ಆಗ್ತಿರಲಿಲ್ಲ. ಆದರೂ ದಿಂಬು ಇಟ್ಟುಕೊಂಡು ಕೂತು ಮಾಡಿದ್ರು. ಇಷ್ಟು ಸಾಕಾ ದಾಕ್ಷಿ, ಈಗ ಕಾಣುತ್ತಾ, ಈ ಬಣ್ಣ ಕಣ್ಣಿಗೆ ಹಿತವಾ, ಅಂತ ಕೇಳಿ ಕೇಳಿ. ನಾಳೆ ನಾನಿಲ್ಲದಾಗ ನೀನು ಯಾರನ್ನೂ ಓದಿ ಹೇಳಿ ಅಂತ ಕೇಳಬಾರದು ಅಂದ್ರು. ಅವರು ಮಾಡಿದ ಕೊನೇ ಕೆಲಸ ಅದೇ."

ಪಂಚಾಕ್ಷರಿ ಮೌಸ್ ಹಿಡಿದ. "ಈಗಲೇ ದೊಡ್ಡದು ಮಾಡಿಕೊಡ್ತೀನಿ ಅಮ್ಮ. ಹಾಗೇ ಮಾಡಿಕೊಡ್ತೀನಿ."

ಅಕ್ಷರ ದೊಡ್ಡದು ಮಾಡಿದ. ಹಿನ್ನೆಲೆ ಕಪ್ಪು ಮಾಡಿದ. ಹಳದಿ ಹಾಕಿದ.

"ಇಷ್ಟು ಗಾಢ ಇರಲಿಲ್ಲ," ಎಂದರು ದಾಕ್ಷಾಯಿಣಮ್ಮ.

ತಿಳಿ ಮಾಡಿದ.

"ಇಷ್ಟು ತಿಳಿಯೂ ಅಲ್ಲ."

ಹಳದಿಯಲ್ಲಿ ಎಷ್ಟೊಂದು ಹಳದಿ! ಒಂದೊಂದಾಗಿ ಹಾಕಿ ತೋರಿಸಿದ. ಪ್ರತಿ ಸಲವೂ ಅವರು ಕಣ್ಣು ಕಿರಿದು ಮಾಡಿ ನೋಡಿ ತಲೆ ಅಲ್ಲಾಡಿಸಿದರು. ಅವರ ಯಜಮಾನರು ಬಕ್ಕೇಶಪ್ಪನವರು ಇಟ್ಟಿದ್ದ ಹಳದಿ ಯಾವುದೆಂದು ಬಲ್ಲವರು ಬಕ್ಕೇಶಪ್ಪನವರೊಬ್ಬರೇ.

ಕೊನೆಗೆ ದಾಕ್ಷಾಯಿಣಮ್ಮ ಅವನ ಕೈ ಮೇಲೆ ಕೈ ಇಟ್ಟರು.

"ಸಾಕು ಬಿಡಪ್ಪ. ಓದೋಕೆ ಬರುತ್ತೆ."

ಅವರು ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಬೈಯಲಿಲ್ಲ. "ಮೇಲೆ ಹೋಗಿ ಆಟೋ ಕರ್ಕೊಂಡು ಬರ್ತೀನಿ," ಎಂದು ಸೆರಗಿನಿಂದ ಕಣ್ಣೊತ್ತಿಕೊಂಡು ಎದ್ದರು.

ಪಂಚಾಕ್ಷರಿ ನೆಲದ ಮೇಲೆ ಕುಸಿದು ಕೂತು ಅತ್ತ. ಬಾಯಿ ಮುಚ್ಚಿಕೊಂಡು, ದೊಡ್ಡವರು ಅಳುವ ಹಾಗೆ ಅತ್ತ.

"ನಾನು ಕೆಟ್ಟದ್ದು ಮಾಡೋಕೆ ಹೋಗಲಿಲ್ಲ ಗುರುಗಳೇ."

"ಗೊತ್ತು."

"ಹೆಚ್ಚೇನು, ಅವರ ಮಾತು ಮುಗಿಯೋವರೆಗೆ ಸುಮ್ಮನಿದ್ದಿದ್ರೆ ಸಾಕಿತ್ತು."

"ಸಾಕಿತ್ತು."

"ಬೆಳಿಗ್ಗೆ ಅವರು ಮೆಟ್ಟಿಲು ಇಳಿದ ಹೊತ್ತಿಗೆ ನನ್ನನ್ನೇ ವಾಪಸ್ ಕಳಿಸೋ ದಾರಿ ಏನಾದರೂ ಇದೆಯಾ?"

"ಇಲ್ಲ ಕಣೋ."

"ಮತ್ತೆ ನಾನೇನು ಮಾಡಲಿ? ಮೆಷಿನ್ನು ಅಷ್ಟು ಚೆನ್ನಾಗಿ ಓಡ್ತಿದೆ, ನನಗೆ ಮಾತ್ರ ಎದ್ದು ಅದರ ಮುಖ ನೋಡೋಕೂ ಆಗ್ತಿಲ್ಲ."

ಗುರುಗಳು ದಂಡೆಯ ಕಡೆ ನೋಡಿದರು. ದಾಕ್ಷಾಯಿಣಮ್ಮ ಮೊದಲ ಮೆಟ್ಟಿಲ ಹತ್ತಿರ ನಿಂತು ಹತ್ತಲು ಕಾಲಲ್ಲಿ ತಡವುತ್ತಿದ್ದರು.

"ಮೆಷಿನ್ನು ಅವರ ಯಜಮಾನರು ಇನ್ನೂ ಇದ್ದ ದಿನಕ್ಕೆ ಹೋಗಿ ಕೂತಿದೆ, ಅಮ್ಮ ಒಬ್ಬರೇ ಇಲ್ಲಿ ಉಳಿದುಬಿಟ್ಟರು. ಎದ್ದೇಳು, ಹೋಗಿ ಕೈ ಹಿಡಿದು ಹತ್ತಿಸು."